ಅಮೆರಿಕದ ಕಾಲೇಜಿನಲ್ಲಿ ಮೊದಲ ವರ್ಷದ ಬರವಣಿಗೆ ಕ್ಲಾಸು: ಸಿಲಬಸ್ ಓದುವುದರಿಂದ ಕೊನೆಯ ಪೇಪರಿನವರೆಗೆ

ಕ್ಯಾಲ್ಕುಲಸ್, ಫಿಸಿಕ್ಸ್ ಹೇಗೋ ನಡೆದುಹೋಗುತ್ತದೆ. ಪಿಯುಸಿಯಲ್ಲಿ ಮಾಡಿದ ಲೆಕ್ಕ ಕೈಹಿಡಿಯುತ್ತದೆ. ಅಮೆರಿಕದಲ್ಲಿ ಡಿಗ್ರಿ ಸೇರಿದ ನಮ್ಮ ಕಡೆಯ ಮಕ್ಕಳ ಗಾಡಿ ನಿಲ್ಲುವುದು ‘ಇಂಗ್ಲಿಷ್ 101’ ಎದುರು ಬಂದಾಗ. ಕೆಲವು ಕಡೆ ಇದಕ್ಕೆ ‘ಫಸ್ಟ್ ಇಯರ್ ಕಾಂಪೊಸಿಷನ್’ ಅನ್ನುತ್ತಾರೆ, ಕೆಲವು ಕಡೆ ‘ಫಸ್ಟ್ ಇಯರ್ ರೈಟಿಂಗ್’. ಹೆಸರು ಏನೇ ಇರಲಿ, ಇಂಜಿನಿಯರಿಂಗ್ ಓದುವವರಿಗೂ, ನರ್ಸಿಂಗ್ ಓದುವವರಿಗೂ, ಸಂಗೀತ ಓದುವವರಿಗೂ ಹೆಚ್ಚಿನ ಕಾಲೇಜುಗಳಲ್ಲಿ ಇದು ಕಡ್ಡಾಯ.

ನಾನು ಈ ಕ್ಲಾಸಿನಲ್ಲಿ ವಿದ್ಯಾರ್ಥಿಯಾಗಿ ಕೂತಿದ್ದೇನೆ. ಆಮೇಲೆ ಮೂರು ವರ್ಷ ಅದೇ ಕ್ಯಾಂಪಸ್ಸಿನ ರೈಟಿಂಗ್ ಸೆಂಟರಿನಲ್ಲಿ ಟ್ಯೂಟರ್ ಆಗಿದ್ದೆ. ಇದೇ ಕ್ಲಾಸಿನ ಪೇಪರುಗಳನ್ನು, ಅಂದರೆ ಪ್ರಬಂಧಗಳನ್ನು, ಬರೆದವರ ಪಕ್ಕದಲ್ಲೇ ಕೂತು ಓದುವ ಕೆಲಸ. ಭಾರತದಿಂದ ಬಂದವರಲ್ಲಿ ಕಷ್ಟಪಟ್ಟವರ ಇಂಗ್ಲಿಷ್ ಕೆಟ್ಟದಾಗಿರಲಿಲ್ಲ. ಕ್ಲಾಸು ಏನು ಕೇಳುತ್ತಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಬೇಕಾದ ಹೊತ್ತಿಗೆ ಕೇಳಲು ಅವರಿಗೆ ಸಂಕೋಚ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಾದರೂ ಈ ಆಗಸ್ಟಿಗೆ ಹೊರಟಿದ್ದರೆ ಅವರಿಗೂ ಓದಿಸಿ.

ಸ್ವಲ್ಪ ಹಿನ್ನೆಲೆ. 1874ರಲ್ಲಿ ಹಾರ್ವರ್ಡ್ ತನ್ನ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಬಂಧ ಬರೆಯಿಸಲು ಶುರು ಮಾಡಿತು. ಹುಡುಗರ ಬರವಣಿಗೆ ನೋಡಿ ಮೇಷ್ಟ್ರುಗಳಿಗೆ ಗಾಬರಿಯಾಯಿತು. 1885ರ ಹೊತ್ತಿಗೆ ‘ಇಂಗ್ಲಿಷ್ ಎ’ ಅನ್ನುವ ಕೋರ್ಸನ್ನು ಮೊದಲ ವರ್ಷಕ್ಕೇ ತಂದರು. ಉಳಿದ ಕಾಲೇಜುಗಳೂ ಅದೇ ದಾರಿ ಹಿಡಿದವು. ಅಂದರೆ ಈ ಕ್ಲಾಸು ಹುಟ್ಟಿದ್ದೇ ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಹುಡುಗರಿಗೆ ಬರೆಯಲು ಬರುತ್ತಿಲ್ಲ ಅಂತ. ನಿಮ್ಮ ಪಕ್ಕದಲ್ಲಿ ಕೂತಿರುವ ಅಮೆರಿಕನ್ ಹುಡುಗನಿಗೂ ಇದು ಹೊಸದೇ. ಇದನ್ನು ನೆನಪಿಟ್ಟುಕೊಂಡು ಹೋಗಿ, ಅರ್ಧ ಭಯ ಅಲ್ಲೇ ಕಡಿಮೆಯಾಗುತ್ತದೆ.

ಹೆಜ್ಜೆ 1: ಸಿಲಬಸ್ಸನ್ನು ಬಾಡಿಗೆ ಕರಾರು ಓದಿದ ಹಾಗೆ ಓದಿ

ನಮ್ಮಲ್ಲಿ ಸಿಲಬಸ್ ಅಂದರೆ ಯಾವ ಪಾಠ ಪರೀಕ್ಷೆಗೆ ಇದೆ ಅನ್ನುವ ಪಟ್ಟಿ. ಅಲ್ಲಿ ಸಿಲಬಸ್ ಅಂದರೆ ಇಡೀ ಕ್ಲಾಸಿನ ಕಾನೂನು. ಹತ್ತು ಪುಟ ಇದ್ದರೂ ಆಶ್ಚರ್ಯ ಇಲ್ಲ. ಎಷ್ಟು ದಿನ ತಪ್ಪಿಸಿಕೊಳ್ಳಬಹುದು, ತಡವಾದರೆ ಎಷ್ಟು ಮಾರ್ಕ್ಸ್ ಹೋಗುತ್ತದೆ, ಯಾವ ಪೇಪರಿಗೆ ಎಷ್ಟು ಶೇಕಡಾ, ಮೇಲ್‌ಗೆ ಎಷ್ಟು ಗಂಟೆಯಲ್ಲಿ ಉತ್ತರ ಕೊಡುತ್ತಾರೆ, ಎಲ್ಲ ಅದರಲ್ಲಿ ಇರುತ್ತದೆ. ಒಬ್ಬ ಮೇಷ್ಟ್ರ ನಿಯಮ ಇನ್ನೊಬ್ಬರಿಗೆ ಇರುವುದಿಲ್ಲ. ರೂಮ್‌ಮೇಟ್ ಹೇಳಿದ್ದನ್ನು ನಂಬಬೇಡಿ, ಅವನ ಸೆಕ್ಷನ್ ಬೇರೆ.

ಮೊದಲ ವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಸಿಲಬಸ್ಸಿನ ಪ್ರತಿ ತಾರೀಖನ್ನೂ ಫೋನಿನ ಕ್ಯಾಲೆಂಡರಿಗೆ ಹಾಕಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 10/09 ಅಂತ ಇದ್ದರೆ ಅದು ಅಕ್ಟೋಬರ್ 9. ಸೆಪ್ಟೆಂಬರ್ 10 ಅಂದುಕೊಂಡು ಒಂದು ತಿಂಗಳು ಮೊದಲೇ ರಾತ್ರಿಯಿಡೀ ಕೂತು ಬರೆದ ಹುಡುಗಿಯನ್ನು ನೋಡಿದ್ದೇನೆ. ಆಕೆಗೆ ನಷ್ಟ ಆಗಲಿಲ್ಲ. ಉಲ್ಟಾ ಆಗಿದ್ದರೆ ಏನು ಗತಿ?

ಗಡುವು ಸಾಮಾನ್ಯವಾಗಿ ರಾತ್ರಿ 11:59. ಅದು ಕಾಲೇಜು ಇರುವ ಊರಿನ ಗಡಿಯಾರ. ರಜೆಗೆ ಬೇರೆ ಟೈಮ್ ಝೋನಿಗೆ ಹೋದರೆ ಲೆಕ್ಕ ಹಾಕಿಕೊಳ್ಳಿ.

ಇನ್ನು ಸಮಯದ ಲೆಕ್ಕ. ಇದು ಹೆಚ್ಚಾಗಿ 3 ಕ್ರೆಡಿಟ್ಟಿನ ಕೋರ್ಸು. ಕ್ಲಾಸಿನ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಕೆಲಸ ಅನ್ನುವುದು ಅಲ್ಲಿನ ಅಳತೆ. ಅಂದರೆ ವಾರಕ್ಕೆ 3 ಗಂಟೆ ಕ್ಲಾಸು, 6 ಗಂಟೆ ಓದು ಮತ್ತು ಬರವಣಿಗೆ. ಈ 6 ಗಂಟೆಯನ್ನು ಟೈಮ್‌ಟೇಬಲ್ಲಿನಲ್ಲಿ ಈಗಲೇ ಗುರುತು ಮಾಡಿ. ಲ್ಯಾಬ್ ಇದೆ, ಕ್ಯಾಂಪಸ್ಸಿನಲ್ಲಿ ಕೆಲಸ ಇದೆ, ಆಮೇಲೆ ನೋಡೋಣ ಅಂದರೆ ಆ ‘ಆಮೇಲೆ’ ಬರುವುದೇ ಇಲ್ಲ.

ಸೆಕ್ಷನ್ ಆರಿಸುವಾಗ ಇನ್ನೊಂದು ವಿಷಯ. ಕೆಲವು ಕಾಲೇಜುಗಳಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೇ ಬೇರೆ ಸೆಕ್ಷನ್ ಇರುತ್ತದೆ. ಅದು ಕೆಳದರ್ಜೆಯ ಕ್ಲಾಸಲ್ಲ. ಕ್ರೆಡಿಟ್ ಅಷ್ಟೇ ಸಿಗುತ್ತದೆಯೇ ಅಂತ ಅಡ್ವೈಸರ್ ಹತ್ತಿರ ಕೇಳಿಕೊಂಡು ಸೇರಿ. ಇನ್ನು ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರಿಗೆ ಪೂರ್ತಿ ಆನ್‌ಲೈನ್ ಆಗಿರುವ ಕೋರ್ಸುಗಳಲ್ಲಿ ಒಂದು ಸೆಮಿಸ್ಟರಿಗೆ ಒಂದೇ ಕೋರ್ಸು, ಅಂದರೆ 3 ಕ್ರೆಡಿಟ್ ಮಾತ್ರ, ಪೂರ್ಣಾವಧಿಯ ಲೆಕ್ಕಕ್ಕೆ ಬರುತ್ತದೆ. ಸುಮ್ನೆ ಬೆಳಿಗ್ಗೆ ಏಳಬೇಕಲ್ಲ ಅಂತ ಆನ್‌ಲೈನ್ ಸೆಕ್ಷನ್ ಹಿಡಿಯಬೇಡಿ.

ಹೆಜ್ಜೆ 2: ಹೆಸರು ಮತ್ತು ಮೇಲ್

ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಅಂಥವರ ಒಂದೇ ಹೆಸರನ್ನು ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಕ್ಲಾಸಿನ ಪಟ್ಟಿಯಲ್ಲೂ ಅದೇ ಬರಬಹುದು. ಮೊದಲ ದಿನ ಮೇಷ್ಟ್ರು ‘ಫ್ನೂ’ ಅಂತ ಕರೆದಾಗ ತಲೆ ತಗ್ಗಿಸಿ ಕೂರಬೇಡಿ. ಕ್ಲಾಸು ಮುಗಿದ ಮೇಲೆ ಹೋಗಿ, ನನ್ನನ್ನು ಹೀಗೆ ಕರೆಯಿರಿ, ಪೇಪರಿನ ಮೇಲೆ ಯಾವ ಹೆಸರು ಹಾಕಲಿ ಅಂತ ಕೇಳಿ. ಎರಡು ನಿಮಿಷದ ಕೆಲಸ. ಸೆಮಿಸ್ಟರ್ ಪೂರ್ತಿ ನಿಮ್ಮ ಹೆಸರಿನಲ್ಲಿ ನೀವಿರುತ್ತೀರಿ.

ಮೇಲ್ ಬರೆಯುವುದನ್ನೂ ಹೊಸದಾಗಿ ಕಲಿಯಬೇಕು. ‘ರೆಸ್ಪೆಕ್ಟೆಡ್ ಸರ್, ಐ ಹ್ಯಾವ್ ಎ ಡೌಟ್, ಕೈಂಡ್ಲಿ ಡೂ ದ ನೀಡ್‌ಫುಲ್’ ಅನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು. ಅಲ್ಲಿ ‘ಡೌಟ್’ ಅಂದರೆ ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಅನ್ನುವ ಧ್ವನಿ ಬರುತ್ತದೆ. ‘ಕ್ವೆಶ್ಚನ್’ ಅನ್ನಿ. ‘ಪ್ರೊಫೆಸರ್’ ಅಂತ ಬರೆದು ಅವರ ಕೊನೆಯ ಹೆಸರು ಸೇರಿಸಿ. ಪಾಠ ಮಾಡುವವರು ಪಿಎಚ್‌ಡಿ ಓದುತ್ತಿರುವ ವಿದ್ಯಾರ್ಥಿಯೂ ಆಗಿರಬಹುದು. ‘ನನ್ನನ್ನು ಹೆಸರು ಹಿಡಿದು ಕರೆಯಿರಿ’ ಅಂದರೆ ಹಾಗೇ ಕರೆಯಿರಿ, ಅದು ಅಗೌರವ ಅಲ್ಲ.

ವಿಷಯದ ಸಾಲಿನಲ್ಲಿ ಕೋರ್ಸು, ಸೆಕ್ಷನ್ ನಂಬರು, ಯಾವುದರ ಬಗ್ಗೆ ಅಂತ ಹಾಕಿ. ಒಳಗೆ ನಾಲ್ಕು ಸಾಲು ಸಾಕು: ನಾನು ಇಂಥವನು, ಎರಡನೇ ಪೇಪರಿನ ಸೂಚನೆ ಓದಿದೆ, ಸಂದರ್ಶನವನ್ನು ಆಧಾರವಾಗಿ ಬಳಸಬಹುದೇ ಅಂತ ಅದರಲ್ಲಿ ಕಾಣಲಿಲ್ಲ, ಬಳಸಬಹುದಾ? ನೀವು ಸೂಚನೆ ಓದಿದ್ದೀರಿ ಅಂತ ಕಾಣುವುದು ಮುಖ್ಯ. ಸಿಲಬಸ್ಸಿನಲ್ಲೇ ಇರುವುದನ್ನು ಕೇಳಿದರೆ ‘ಸಿಲಬಸ್ ನೋಡಿ’ ಅಂತ ಉತ್ತರ ಬರುತ್ತದೆ.

ಹೆಜ್ಜೆ 3: ಹಾಜರಿ

ಶೇಕಡಾ 75ರ ಲೆಕ್ಕ ಮರೆತುಬಿಡಿ. ಕಂಡೊನೇಷನ್ ಕಟ್ಟಿ ಸರಿಮಾಡಿಕೊಳ್ಳುವುದೂ ಇಲ್ಲ. ವಾರಕ್ಕೆ ಎರಡು ದಿನದ ಕ್ಲಾಸಾದರೆ ಇಡೀ ಸೆಮಿಸ್ಟರಿಗೆ ಎರಡೋ ಮೂರೋ ದಿನ ತಪ್ಪಿಸಬಹುದು ಅಂತ ಇರುತ್ತದೆ. ಅದು ದಾಟಿದರೆ ಗ್ರೇಡ್ ಇಳಿಯುತ್ತದೆ. ಕೆಲವು ಕಡೆ ಇಷ್ಟು ದಿನ ದಾಟಿದರೆ ಫೇಲ್ ಅಂತಲೇ ಬರೆದಿರುತ್ತಾರೆ. ಇಪ್ಪತ್ತು ಚಿಲ್ಲರೆ ಜನರ ಕ್ಲಾಸು, ಹಿಂದಿನ ಬೆಂಚಿನಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಬಂದು ಸುಮ್ಮನೆ ಕೂತರೂ ಸಾಲದು. ಮಾತಾಡುವುದಕ್ಕೆ ಮಾರ್ಕ್ಸ್ ಇರುತ್ತದೆ. ಮೇಷ್ಟ್ರ ಎದುರು ಮಾತಾಡದಿರುವುದೇ ವಿನಯ ಅಂತ ಬೆಳೆದ ನಮಗೆ ಇದು ನಿಜಕ್ಕೂ ಕಷ್ಟ. ನಾನು ಮಾಡಿದ್ದು ಇಷ್ಟು: ಹಿಂದಿನ ರಾತ್ರಿ ಪಾಠ ಓದುವಾಗ ಒಂದೇ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳುತ್ತಿದ್ದೆ. ಮೊದಲ ಹತ್ತು ನಿಮಿಷದಲ್ಲಿ ಅದನ್ನು ಕೇಳಿಬಿಡುತ್ತಿದ್ದೆ. ಆಮೇಲೆ ಎದೆ ಹಗುರ.

ದೀಪಾವಳಿಗೋ ಹಬ್ಬಕ್ಕೋ ರಜೆ ಬೇಕಾದರೆ ಎರಡು ವಾರ ಮೊದಲೇ ಮೇಲ್ ಹಾಕಿ. ಧಾರ್ಮಿಕ ಹಬ್ಬಗಳಿಗೆ ಎಷ್ಟೋ ಕಾಲೇಜುಗಳಲ್ಲಿ ನಿಯಮವೇ ಇದೆ. ಆದರೆ ಹಬ್ಬ ಮುಗಿದ ಮೇಲೆ ಹೇಳಿದರೆ ಅದು ಬರೀ ಗೈರುಹಾಜರಿ.

ಹೆಜ್ಜೆ 4: ಒಂದೇ ಪೇಪರನ್ನು ಮೂರು ಸಲ ಬರೆಯಿರಿ

ಇಡೀ ಕ್ಲಾಸಿನ ತಿರುಳು ಇಲ್ಲಿದೆ. ಇಂಥ ಕೋರ್ಸುಗಳನ್ನು ನಡೆಸುವವರ ಸಂಘ 2000ದಲ್ಲಿ, ಮೊದಲ ವರ್ಷದ ಬರವಣಿಗೆ ಕ್ಲಾಸು ಮುಗಿಸಿದವರಿಗೆ ಏನೇನು ಬರಬೇಕು ಅಂತ ಒಂದು ಹೇಳಿಕೆ ಹೊರಡಿಸಿತು. 2014ರಲ್ಲಿ ಅದನ್ನು ತಿದ್ದಿದರು. ಯಾರಿಗೆ, ಯಾವ ಸಂದರ್ಭಕ್ಕೆ ಬರೆಯುತ್ತಿದ್ದೇನೆ ಅನ್ನುವ ಅರಿವು, ಓದಿದ್ದನ್ನು ಪ್ರಶ್ನಿಸಿ ಯೋಚಿಸುವುದು, ಬರೆದು ತಿದ್ದುವ ಅಭ್ಯಾಸ, ಬರವಣಿಗೆಯ ರೂಢಿಗಳು ಅನ್ನುವ ನಾಲ್ಕು ಭಾಗ ಅದರಲ್ಲಿವೆ. ವ್ಯಾಕರಣ ಬರುವುದು ಆ ಕೊನೆಯ ಭಾಗದೊಳಗೆ. ನಾವು ಮಾತ್ರ ಅದನ್ನೇ ಮೊದಲು ಹಿಡಿದುಕೊಂಡು ಕೂರುತ್ತೇವೆ.

ಮೊದಲ ಪೇಪರು ಎಷ್ಟೋ ಸಲ ನೀವು ಓದು ಬರಹ ಕಲಿತ ಕಥೆ. ಮಂಡ್ಯ ಕಡೆಯ ಒಬ್ಬ ಹುಡುಗಿ ತನ್ನ ಡ್ರಾಫ್ಟ್ ತಂದಿದ್ದಳು. ‘ಶಿಕ್ಷಣವೇ ಬಾಳಿನ ಬೆಳಕು’ ಅನ್ನುವ ಅರ್ಥದ ಸಾಲಿನಿಂದ ಶುರು. ಎರಡು ಪುಟ ಅಂಥದ್ದೇ. ಎಲ್ಲ ಸರಿಯಾದ ಇಂಗ್ಲಿಷ್. ನಾನು ಕೇಳಿದೆ, ‘ಮೊದಲ ಅಕ್ಷರ ಬರೆಸಿದ್ದು ಯಾರು?’ ‘ಅಜ್ಜಿ. ತಟ್ಟೆಯಲ್ಲಿ ಅಕ್ಕಿ ಹರಡಿ.’ ‘ಆಮೇಲೆ?’ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅಜ್ಜಿಗೆ ಓದೋಕೆ ಬರ್ತಿರಲಿಲ್ಲ. ನನ್ನ ಬೆರಳು ಹಿಡಿದು ‘ಅ’ ತಿದ್ದಿಸಿದ್ದು ಪಕ್ಕದಲ್ಲಿ ಕೂತ ಮಾವ ಹೇಳಿಕೊಟ್ಟ ಹಾಗೆ. ಅವರೂ ಅವತ್ತೇ ಕಲಿತರು.’ ಅಲ್ಲಿಗೆ ಪೇಪರು ಸಿಕ್ಕಿತು. ಎರಡನೇ ಡ್ರಾಫ್ಟ್ ಆ ತಟ್ಟೆಯಿಂದಲೇ ಶುರುವಾಯಿತು. ಅದನ್ನು ಆಕೆ ಬಿಟ್ಟು ಬೇರೆ ಯಾರೂ ಬರೆಯಲಾರರು, ಅಲ್ವಾ?

ಮುಂದಿನ ಪೇಪರುಗಳಲ್ಲಿ ವಾದ ಬೇಕು. ‘ಥೀಸಿಸ್’ ಅಂದರೆ ಒಬ್ಬ ಬುದ್ಧಿವಂತ ಒಪ್ಪದೇ ಇರಬಹುದಾದ, ಆದರೆ ನೀವು ಆಧಾರ ಕೊಟ್ಟು ಒಪ್ಪಿಸಬಹುದಾದ ಮಾತು. ‘ಬೆಂಗಳೂರಿನ ಕೆರೆಗಳನ್ನು ಉಳಿಸಬೇಕು’ ಅನ್ನುವುದು ಥೀಸಿಸ್ ಅಲ್ಲ. ಬೇಡ ಅನ್ನುವವರು ಯಾರು? ಈಗ ಇದನ್ನು ನೋಡಿ: ‘ಬೆಳ್ಳಂದೂರು ಕೆರೆಯ ನೊರೆಗೆ ಮನೆಗಳಿಂದ ಬರುವ, ಶುದ್ಧೀಕರಿಸದ ಕೊಳಚೆ ನೀರು ದೊಡ್ಡ ಕಾರಣ. ಹಾಗಾಗಿ ಕಾರ್ಖಾನೆಗಳಿಗೆ ಮಾತ್ರ ದಂಡ ಹಾಕಿದರೆ ನೊರೆ ನಿಲ್ಲುವುದಿಲ್ಲ.’ ಇದಕ್ಕೆ ಎದುರುವಾದ ಇದೆ, ತೋರಿಸಲು ಆಧಾರ ಬೇಕು, ಓದುವವನು ಮುಂದಿನ ಪುಟ ತಿರುಗಿಸುತ್ತಾನೆ. ಈ ಮಾತು ಮೊದಲ ಒಂದೆರಡು ಪ್ಯಾರಾದಲ್ಲೇ ಬರಲಿ. ನಾವು ಪೀಠಿಕೆ ಹಾಕಿ, ಸುತ್ತಿ ಬಳಸಿ, ಕೊನೆಯಲ್ಲಿ ಮುಖ್ಯ ವಿಷಯಕ್ಕೆ ಬರುತ್ತೇವೆ. ಅದೂ ಚೆಂದವೇ, ಆದರೆ ಈ ಕ್ಲಾಸಿನ ಓದುಗ ಮುಖ್ಯ ಮಾತನ್ನು ಮೊದಲೇ ಹುಡುಕುತ್ತಾನೆ.

ಮೊದಲ ಡ್ರಾಫ್ಟ್ ಒರಟಾಗಿದ್ದರೆ ಪರವಾಗಿಲ್ಲ. ಖಾಲಿ ಇರಬಾರದು ಅಷ್ಟೇ. ಡ್ರಾಫ್ಟಿಗೂ ಮಾರ್ಕ್ಸ್ ಇರುತ್ತದೆ. ಡ್ರಾಫ್ಟ್ ಇಲ್ಲದೆ ಕೊನೆಯ ಪೇಪರ್ ತೆಗೆದುಕೊಳ್ಳುವುದಿಲ್ಲ ಅನ್ನುವ ಮೇಷ್ಟ್ರೂ ಇದ್ದಾರೆ. ಆಮೇಲೆ ‘ಪಿಯರ್ ರಿವ್ಯೂ’. ಕ್ಲಾಸಿನವರೇ ಒಬ್ಬರದನ್ನು ಒಬ್ಬರು ಓದಿ ಅಭಿಪ್ರಾಯ ಹೇಳಬೇಕು. ನಮ್ಮವರು ಬೇಜಾರಾಗಬಾರದು ಅಂತ ‘ನೈಸ್ ಎಸ್ಸೆ’ ಅಂದು ಕೈತೊಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ‘ಮೂರನೇ ಪ್ಯಾರಾದಲ್ಲಿ ನನಗೆ ದಾರಿ ತಪ್ಪಿತು, ಕೊಳಚೆ ನೀರಿನಿಂದ ಒಮ್ಮೆಲೇ ಮೀನಿನ ಮಾತಿಗೆ ಹೋಗಿದ್ದೀರಿ’ ಅಂತ ಜಾಗ ತೋರಿಸಿ ಹೇಳಿ. ನಿಮ್ಮ ಪೇಪರಿಗೂ ಅಂಥದ್ದನ್ನೇ ಕೇಳಿ.

ತಿದ್ದುವುದು ಅಂದರೆ ಕಾಗುಣಿತ ಸರಿಮಾಡುವುದಲ್ಲ. ಮೊದಲು ವಾದ ನಿಲ್ಲುತ್ತದೆಯೇ ನೋಡಿ. ಆಮೇಲೆ ಪ್ಯಾರಾಗಳ ಸರದಿ. ಕೊನೆಗೆ ವಾಕ್ಯ, ಸ್ಪೆಲ್ಲಿಂಗು. ಅಮೆರಿಕನ್ ಸ್ಪೆಲ್ಲಿಂಗಿಗೆ ವರ್ಡ್‌ನಲ್ಲಿ ಭಾಷೆ ಬದಲಿಸಿಬಿಡಿ, ಅದರ ಬಗ್ಗೆ ಇನ್ನೇನೂ ತಲೆಕೆಡಿಸಿಕೊಳ್ಳಬೇಡಿ.

ಹೆಜ್ಜೆ 5: ಯಾರ ಮಾತು ಯಾರದ್ದು ಅಂತ ಪ್ರತಿ ಸಾಲಿನಲ್ಲೂ ತೋರಿಸಿ

ನನ್ನ ಮೊದಲ ರಿಸರ್ಚ್ ಪೇಪರು ವಾಪಸ್ ಬಂದಾಗ ನಾಲ್ಕು ವಾಕ್ಯಗಳಿಗೆ ಹಳದಿ ಬಣ್ಣ ಹಚ್ಚಿತ್ತು. ಕೆಳಗೆ ‘ಬಂದು ಕಾಣಿ’ ಅಂತ ಒಂದು ಸಾಲು. ಕಾಪಿ ಹೊಡೆದೆ ಅನ್ನುವ ಯೋಚನೆಯೇ ನನಗಿರಲಿಲ್ಲ. ಒಂದು ವೆಬ್‌ಸೈಟಿನ ವಾಕ್ಯಗಳನ್ನು ತೆಗೆದುಕೊಂಡು, ಅಲ್ಲೊಂದು ಇಲ್ಲೊಂದು ಪದ ಬದಲಿಸಿ, ಕೊನೆಯ ಪುಟದಲ್ಲಿ ಆ ವೆಬ್‌ಸೈಟಿನ ಹೆಸರನ್ನೂ ಹಾಕಿದ್ದೆ. ಹೈಸ್ಕೂಲಿನಲ್ಲಿ ಪುಸ್ತಕದಲ್ಲಿ ಇದ್ದ ಹಾಗೇ ಬರೆದರೆ ಪೂರ್ತಿ ಮಾರ್ಕ್ಸು. ಇಲ್ಲಿ ಅದೇ ಅಪರಾಧ. ಮೇಷ್ಟ್ರು ನನಗೆ ಮತ್ತೆ ಬರೆಯಲು ಬಿಟ್ಟರು. ಎಲ್ಲರೂ ಬಿಡುವುದಿಲ್ಲ. ಆ ಪೇಪರಿಗೆ ಸೊನ್ನೆ, ಕೋರ್ಸಿಗೇ ಫೇಲು, ಡೀನ್ ಆಫೀಸಿಗೆ ದೂರು, ಯಾವುದು ಬೇಕಾದರೂ ಆಗಬಹುದು. ಆ ದಿನ ಹಾಸ್ಟೆಲ್ಲಿಗೆ ನಡೆದುಕೊಂಡು ಬಂದ ದಾರಿ ನನಗೆ ಇವತ್ತಿಗೂ ನೆನಪಿದೆ. ನಿಮಗೆ ಆ ದಿನ ಬರಬಾರದು.

ಏನು ತಪ್ಪಾಯಿತು ಅಂತ ಹತ್ತಿರದಿಂದ ನೋಡೋಣ. ಒಂದು ಪುಸ್ತಕದಲ್ಲಿ ಹೀಗಿದೆ ಅಂದುಕೊಳ್ಳಿ: ‘ನಗರ ಬೆಳೆದಂತೆ ಕೆರೆಗೆ ನೀರು ತರುವ ಕಾಲುವೆಗಳು ಮುಚ್ಚಿಹೋದವು.’ ನೀವು ‘ಪಟ್ಟಣ ದೊಡ್ಡದಾದಂತೆ ಕೆರೆಗೆ ನೀರು ತರುತ್ತಿದ್ದ ಕಾಲುವೆಗಳು ಇಲ್ಲವಾದವು’ ಅಂತ ಬರೆದರೆ ವಾಕ್ಯದ ಬೆನ್ನೆಲುಬು ಅವರದ್ದೇ. ಪದ ಮಾತ್ರ ನಿಮ್ಮದು. ಇದಕ್ಕೆ ‘ಪ್ಯಾಚ್‌ರೈಟಿಂಗ್’ ಅನ್ನುತ್ತಾರೆ. ಸರಿಯಾದ ದಾರಿ ಇದು: ಓದಿ, ಪುಸ್ತಕ ಮುಚ್ಚಿ, ತಂಗಿಗೆ ಫೋನಿನಲ್ಲಿ ಹೇಳುವ ಹಾಗೆ ನಿಮ್ಮ ಮಾತಿನಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಅರ್ಥ ಸರಿಯಿದೆಯೇ ನೋಡಿ. ಹಾಗೆ ಬರೆದರೂ ಆ ವಾಕ್ಯದ ಹತ್ತಿರವೇ ಲೇಖಕರ ಹೆಸರು ಬೇಕು. ಅವರ ಪದಗಳೇ ಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಇಡಿ, ಪುಟದ ನಂಬರು ಕೊಡಿ. ಕೊನೆಯ ಪುಟದ ಪಟ್ಟಿ ಒಂದೇ ಸಾಲದು. ನಾನು ಜಾರಿದ್ದು ಅಲ್ಲೇ.

ಪೇಪರಿನ ರೂಪ ಹೇಗಿರಬೇಕು, ಆಧಾರ ಹೇಗೆ ತೋರಿಸಬೇಕು ಅನ್ನುವುದಕ್ಕೆ ಈ ಕ್ಲಾಸಿನಲ್ಲಿ ಹೆಚ್ಚಾಗಿ ಕೇಳುವುದು ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿ. ಅದರ ಕೈಪಿಡಿಯ ಒಂಬತ್ತನೇ ಆವೃತ್ತಿ 2021ರದ್ದು. ನಾಲ್ಕೂ ಕಡೆ ಒಂದು ಇಂಚು ಮಾರ್ಜಿನ್. ಪೂರ್ತಿ ಡಬಲ್ ಸ್ಪೇಸ್. ಮೇಲೆ ಬಲಗಡೆ ನಿಮ್ಮ ಕೊನೆಯ ಹೆಸರು, ಪುಟದ ಸಂಖ್ಯೆ. ಮೊದಲ ಪುಟದ ಎಡಗಡೆ ನಿಮ್ಮ ಹೆಸರು, ಮೇಷ್ಟ್ರ ಹೆಸರು, ಕೋರ್ಸು, ತಾರೀಖು ಒಂದರ ಕೆಳಗೊಂದು. ವಾಕ್ಯದ ಕೊನೆಗೆ ಆವರಣದಲ್ಲಿ ಲೇಖಕರ ಕೊನೆಯ ಹೆಸರು ಮತ್ತು ಪುಟ, ನಡುವೆ ಅಲ್ಪವಿರಾಮ ಇಲ್ಲ. ಕೊನೆಯ ಪುಟಕ್ಕೆ ‘ವರ್ಕ್ಸ್ ಸೈಟೆಡ್’ ಅಂತ ಹೆಸರು. ಅದರಲ್ಲಿ ಪ್ರತಿ ಪುಸ್ತಕದ ಎರಡನೇ ಸಾಲಿನಿಂದ ಅರ್ಧ ಇಂಚು ಒಳಗೆ. ಸೈಕಾಲಜಿ, ನರ್ಸಿಂಗ್ ಕಡೆಯವರು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಎಪಿಎ ಶೈಲಿ ಕೇಳಬಹುದು. ಅದರ ಏಳನೇ ಆವೃತ್ತಿ 2019ರಲ್ಲಿ ಬಂತು, ಅಲ್ಲಿ ಹೆಸರಿನ ಜೊತೆ ವರ್ಷ ಬರುತ್ತದೆ. ಇವನ್ನೆಲ್ಲ ಬಾಯಿಪಾಠ ಮಾಡಬೇಡಿ. ಪರ್ಡ್ಯೂ ಯೂನಿವರ್ಸಿಟಿಯ ‘ಔಲ್’ ಅನ್ನುವ ಉಚಿತ ತಾಣ 1994ರಿಂದ ಇದೆ. ಪುಸ್ತಕ, ಪತ್ರಿಕೆ, ವಿಡಿಯೊ, ಸಂದರ್ಶನ, ಎಲ್ಲದಕ್ಕೂ ಅದರಲ್ಲಿ ಉದಾಹರಣೆ ಸಿಗುತ್ತದೆ.

ಕನ್ನಡದ ಪುಸ್ತಕ, ಪತ್ರಿಕೆ ಬಳಸಬಹುದೇ? ಬಳಸಬಹುದು. ಮೊದಲು ಮೇಷ್ಟ್ರ ಹತ್ತಿರ ಮಾತಾಡಿ. ಹೆಚ್ಚಿನವರಿಗೆ ಖುಷಿಯೇ ಆಗುತ್ತದೆ. ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಚೌಕ ಆವರಣದೊಳಗೆ ಅದರ ಅರ್ಥ ಕೊಡಿ. ಉದ್ಧರಿಸಿದ ಸಾಲಿನ ಅನುವಾದ ನಿಮ್ಮದಾದರೆ ಹಾಗಂತ ಹೇಳಿ. ಇನಿಷಿಯಲ್ ಇರುವ ಲೇಖಕರಾದರೆ ಪೂರ್ತಿ ಹೆಸರು ಮೊದಲು, ಅಲ್ಪವಿರಾಮ, ಆಮೇಲೆ ಇನಿಷಿಯಲ್.

ಟರ್ನಿಟಿನ್‌ನಂಥ ಸಾಫ್ಟ್‌ವೇರು ನಿಮ್ಮ ಪೇಪರಿನ ಎಷ್ಟು ಭಾಗ ಬೇರೆ ಕಡೆ ಇರುವುದಕ್ಕೆ ಹೋಲುತ್ತದೆ ಅಂತ ಶೇಕಡಾ ತೋರಿಸುತ್ತದೆ. ಉದ್ಧರಣೆ, ಪುಸ್ತಕಗಳ ಪಟ್ಟಿ ಕೂಡ ಅದರಲ್ಲಿ ಸೇರಬಹುದು. 18 ಬಂತು ಅಂತ ಗಾಬರಿ ಬೇಡ, 2 ಬಂತು ಅಂತ ನಿಶ್ಚಿಂತೆಯೂ ಬೇಡ. ಬಣ್ಣ ಬಂದ ಪ್ರತಿ ಸಾಲನ್ನೂ ತೆರೆದು ನೋಡಿ. ಹಾಗೇ, ಬೇರೆ ಕ್ಲಾಸಿಗೆ ಬರೆದ ನಿಮ್ಮದೇ ಪೇಪರನ್ನು ಇಲ್ಲಿ ಮತ್ತೆ ಕೊಡುವುದೂ ಕೇಳದೆ ಮಾಡಬಾರದ ಕೆಲಸ.

ಹೆಜ್ಜೆ 6: ಎಐ ಬಗ್ಗೆ ಬರಹದಲ್ಲೇ ಉತ್ತರ ಪಡೆಯಿರಿ

2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದ ಮೇಲೆ ಸಿಲಬಸ್ಸುಗಳಲ್ಲಿ ಹೊಸ ಭಾಗ ಸೇರಿದೆ. ಒಬ್ಬ ಮೇಷ್ಟ್ರು ಪೂರ್ತಿ ಬೇಡ ಅನ್ನುತ್ತಾರೆ. ಇನ್ನೊಬ್ಬರು ವಿಷಯ ಹುಡುಕಲು ಬಳಸಿ, ಬರೆಯಲು ಬೇಡ ಅನ್ನುತ್ತಾರೆ. ಮತ್ತೊಬ್ಬರು ಬಳಸಿ, ಆದರೆ ಎಲ್ಲಿ ಹೇಗೆ ಅಂತ ಬರೆದು ತಿಳಿಸಿ ಅನ್ನುತ್ತಾರೆ. ವ್ಯಾಕರಣ ತಿದ್ದುವ ಗ್ರಾಮರ್ಲಿ ಸಾಫ್ಟ್‌ವೇರು ವಾಕ್ಯವನ್ನೇ ಮತ್ತೆ ಬರೆದುಕೊಟ್ಟರೆ ಅದೂ ಇದರಲ್ಲಿ ಬರಬಹುದು. ಕನ್ನಡದಲ್ಲಿ ಬರೆದು ಯಂತ್ರದಿಂದ ಇಂಗ್ಲಿಷಿಗೆ ಮಾಡಿಸುವುದೂ ಬರಬಹುದು. ಸಿಲಬಸ್ಸಿನಲ್ಲಿ ಸ್ಪಷ್ಟ ಇಲ್ಲದಿದ್ದರೆ ಮೇಲ್ ಹಾಕಿ ಕೇಳಿ, ಬಂದ ಉತ್ತರ ತೆಗೆದಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಎಐ ಬರೆದಿದ್ದೇ ಅಂತ ಪತ್ತೆ ಮಾಡುವ ತಂತ್ರಾಂಶಗಳು ನಮ್ಮಂಥವರ ವಿಷಯದಲ್ಲಿ ಜಾಸ್ತಿ ತಪ್ಪುತ್ತವೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ತಂತ್ರಾಂಶಗಳಿಗೆ, ಇಂಗ್ಲಿಷ್ ಮನೆಮಾತಲ್ಲದವರು ಬರೆಯುವ ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಎಐ ಬರೆದಿದ್ದು ಅಂದವು. ಸರಳ ಪದ, ಸರಳ ವಾಕ್ಯ ಕಂಡರೆ ಅವಕ್ಕೆ ಅನುಮಾನ. ಚಾಟ್‌ಜಿಪಿಟಿ ತಂದ ಓಪನ್‌ಎಐ ಕಂಪನಿಯೇ ತಾನು ಮಾಡಿದ್ದ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡಿತು.

ಹಾಗಾಗಿ ನಿಮ್ಮ ಪೇಪರು ನಿಮ್ಮದೇ ಅನ್ನುವ ಸಾಕ್ಷಿ ಮೊದಲ ದಿನದಿಂದ ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆಯಿರಿ, ಯಾವತ್ತು ಯಾವ ಸಾಲು ಸೇರಿತು ಅಂತ ಅದರ ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಬೇರೆಲ್ಲೋ ಬರೆದು ಒಟ್ಟಿಗೆ ತಂದು ಅಂಟಿಸಬೇಡಿ. ಕೈಬರಹದ ಟಿಪ್ಪಣಿ, ಹಳೆ ಡ್ರಾಫ್ಟ್, ಟ್ಯೂಟರ್ ಹಾಕಿದ ಗೆರೆ, ಯಾವುದನ್ನೂ ಎಸೆಯಬೇಡಿ. ಯಾರಾದರೂ ಅನುಮಾನಪಟ್ಟರೆ ಅಳುತ್ತಾ ಕೂರದೆ ಅವನ್ನೆಲ್ಲ ತೆಗೆದುಕೊಂಡು ಹೋಗಿ, ‘ಈ ಪೇಪರಿನ ಬಗ್ಗೆ ಏನು ಬೇಕಾದರೂ ಕೇಳಿ’ ಅನ್ನಿ.

ಹೆಜ್ಜೆ 7: ಕಷ್ಟ ಬಂದಾಗ ಗಡುವಿಗೆ ಮೊದಲೇ ಬಾಯಿ ಬಿಡಿ

ತಡವಾದರೆ ದಿನಕ್ಕೆ ಇಷ್ಟು ಅಂತ ಮಾರ್ಕ್ಸ್ ಕಡಿತ ಇರುತ್ತದೆ. ಕೆಲವರು ಸೆಮಿಸ್ಟರಿಗೆ ಒಂದೆರಡು ಸಲ ಕಾರಣ ಕೇಳದೆ ಒಂದೆರಡು ದಿನ ಜಾಸ್ತಿ ಕೊಡುತ್ತಾರೆ. ಹುಷಾರಿಲ್ಲದಿದ್ದರೆ, ಮನೆಯಲ್ಲಿ ಸಾವು ನೋವಾದರೆ, ಎರಡು ಸಾಲು ಬರೆದು ಹಾಕಿ. ಹೊಸ ತಾರೀಖನ್ನು ನೀವೇ ಸೂಚಿಸಿ: ‘ಶುಕ್ರವಾರದ ಬದಲು ಸೋಮವಾರ ಕೊಡಲೇ?’ ಗಡುವಿನ ಹಿಂದಿನ ದಿನ ಕೇಳಿದವರಿಗೆ ಸಿಕ್ಕಿದ್ದು, ಮಾರನೇ ದಿನ ಕೇಳಿದವರಿಗೆ ಸಿಗದೇ ಹೋಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಾರಣ ಎರಡೂ ಕಡೆ ಒಂದೇ.

ಓದುವ, ಬರೆಯುವ, ಗಮನ ಕೊಡುವ ತೊಂದರೆ ಮೊದಲಿನಿಂದ ಇದ್ದರೆ ಡಿಸಬಿಲಿಟಿ ಸರ್ವಿಸಸ್ ಆಫೀಸಿನಲ್ಲಿ ಮೊದಲ ವಾರವೇ ಹೆಸರು ಬರೆಸಿ. 1990ರ ಅಂಗವಿಕಲರ ಕಾನೂನಿನಲ್ಲಿ ಕಾಲೇಜು ಅನುಕೂಲ ಮಾಡಿಕೊಡಲೇಬೇಕು. ಆದರೆ ಕೇಳಬೇಕಾದವರು ನೀವೇ, ಹಿಂದಿನ ತಾರೀಖಿಗೆ ಅದು ಅನ್ವಯಿಸುವುದಿಲ್ಲ. ಮುಚ್ಚಿಡಬೇಡಿ. ಮೇಷ್ಟ್ರಿಗೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ಆಫೀಸಿನ ಪತ್ರ ಸಾಕು.

ಕೋರ್ಸನ್ನೇ ಬಿಡಬೇಕು ಅನ್ನಿಸಿದರೆ ಬಹಳ ಎಚ್ಚರ. ಕೋರ್ಸು ಸೇರಲು, ಬಿಡಲು ಇರುವ ಆ್ಯಡ್-ಡ್ರಾಪ್ ದಿನಗಳು ಶುರುವಿನ ಒಂದೆರಡು ವಾರ ಅಷ್ಟೇ. ಆಮೇಲೆ ಬಿಟ್ಟರೆ ಮಾರ್ಕ್ಸ್ ಕಾರ್ಡಿನಲ್ಲಿ ‘ಡಬ್ಲ್ಯೂ’, ಅಂದರೆ ನಡುವೆ ಬಿಟ್ಟರು ಅನ್ನುವ ಗುರುತು, ಬರುತ್ತದೆ. ಎಫ್-1 ವೀಸಾದಲ್ಲಿ ಡಿಗ್ರಿ ಓದುವವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಳ್ಳಬೇಕು. 13 ಇದ್ದು ಈ 3 ಬಿಟ್ಟರೆ 10ಕ್ಕೆ ಇಳಿಯುತ್ತೀರಿ. ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿದ್ಯಾರ್ಥಿ ವೀಸಾ ನೋಡಿಕೊಳ್ಳುವ ಅಧಿಕಾರಿಯ (ಡಿಎಸ್‌ಒ) ಅನುಮತಿ ಮೊದಲೇ ಪಡೆಯದೆ ಬಿಟ್ಟರೆ ವೀಸಾ ಸ್ಟೇಟಸ್ಸೇ ಕೈತಪ್ಪುತ್ತದೆ. ಕಂಪ್ಯೂಟರಿನಲ್ಲಿ ಆ ‘ಡ್ರಾಪ್’ ಬಟನ್ ಯಾರು ಒತ್ತಿದರೂ ಕೆಲಸ ಮಾಡುತ್ತದೆ, ನಿಮ್ಮನ್ನು ತಡೆಯುವುದಿಲ್ಲ.

ಹೆಜ್ಜೆ 8: ಆಫೀಸ್ ಅವರ್ಸ್, ರೈಟಿಂಗ್ ಸೆಂಟರ್

ಆಫೀಸ್ ಅವರ್ಸ್ ಅಂದರೆ ಮೇಷ್ಟ್ರು ನಿಮಗಾಗಿಯೇ ಬಾಗಿಲು ತೆರೆದು ಕೂತಿರುವ ಸಮಯ. ತಪ್ಪು ಮಾಡಿದವರನ್ನು ಕರೆಸುವ ಸ್ಟಾಫ್ ರೂಮ್ ಅಲ್ಲ. ಮೂರನೇ ವಾರದೊಳಗೆ ಒಮ್ಮೆ ಹೋಗಿ ಬನ್ನಿ, ಹತ್ತು ನಿಮಿಷ ಸಾಕು. ಹೋಗುವಾಗ ಡ್ರಾಫ್ಟ್ ಇರಲಿ, ‘ಈ ಪ್ಯಾರಾ ನನ್ನ ವಾದಕ್ಕೆ ಸೇರುತ್ತದೆಯೇ’ ಅನ್ನುವಂಥ ಒಂದು ಪ್ರಶ್ನೆ ಇರಲಿ.

ರೈಟಿಂಗ್ ಸೆಂಟರಿನಲ್ಲಿ ನೋಂದಾಯಿತ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಸಿಗುತ್ತದೆ. ನಾವು ಪೇಪರ್ ತಿದ್ದಿ ಕೊಡುವುದಿಲ್ಲ. ‘ಗ್ರಾಮರ್ ಒಂದು ನೋಡಿಕೊಡಿ, ನಾನು ಹೊರಗೆ ಕಾಯ್ತೀನಿ’ ಅಂದವರು ಬೇಜಾರು ಮಾಡಿಕೊಂಡು ಹೋಗಿದ್ದಾರೆ. ಪೇಪರನ್ನು ನೀವೇ ಗಟ್ಟಿಯಾಗಿ ಓದಬೇಕು. ಎಲ್ಲಿ ನಾಲಿಗೆ ತಡವರಿಸಿತೋ ಅಲ್ಲಿ ನಿಲ್ಲುತ್ತೇವೆ. ಗಡುವಿಗೆ ಮೂರು ದಿನ ಇರುವಾಗ ಬಂದರೆ ವಾದವನ್ನೇ ಬದಲಿಸಬಹುದು. ಒಂದು ಗಂಟೆ ಇರುವಾಗ ಬಂದರೆ ಬರೀ ಕಾಮಾ ಮಾತ್ರ. ವಾರ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಜಾಗ ಸಿಗುವುದು ಕಷ್ಟ.

ಹೆಜ್ಜೆ 9: ಗ್ರೇಡು, ಮತ್ತು ಮನೆಯವರು

ಎಷ್ಟೋ ಕಾಲೇಜುಗಳಲ್ಲಿ ಈ ಕೋರ್ಸಿಗೆ ‘ಡಿ’ ಬಂದರೆ ಕ್ರೆಡಿಟ್ ಸಿಕ್ಕರೂ ಕಡ್ಡಾಯದ ಲೆಕ್ಕ ತೀರುವುದಿಲ್ಲ, ‘ಸಿ’ ಬೇಕು. ನಿಮ್ಮಲ್ಲಿ ಹೇಗೆ ಅಂತ ನೋಡಿಕೊಳ್ಳಿ. ಗ್ರೇಡ್ ಕಡಿಮೆ ಅನ್ನಿಸಿದರೆ ಒಂದು ದಿನ ಬಿಟ್ಟು, ಮೇಷ್ಟ್ರ ಷರಾ ಎರಡು ಸಲ ಓದಿ, ಆಮೇಲೆ ಹೋಗಿ. ‘ಯಾಕೆ ಕಡಿಮೆ ಕೊಟ್ಟಿರಿ’ ಅನ್ನುವುದಕ್ಕಿಂತ ‘ಮುಂದಿನ ಪೇಪರಿನಲ್ಲಿ ಏನು ಬದಲಿಸಲಿ’ ಅಂದರೆ ಮಾತು ಮುಂದಕ್ಕೆ ಹೋಗುತ್ತದೆ. ಮತ್ತೆ ಬರೆದು ಕೊಡಲು ಅವಕಾಶ ಇದ್ದರೆ ಬಿಡಬೇಡಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ನಿಮ್ಮ ಮಗುವಿನ ಗ್ರೇಡ್ ಕೇಳಿ ನೀವು ಕಾಲೇಜಿಗೆ ಮೇಲ್ ಹಾಕಿದರೆ ಮೇಷ್ಟ್ರು ಹೇಳಲಾರರು. ಅದು ಸೊಕ್ಕಲ್ಲ. ವಿದ್ಯಾರ್ಥಿಗಳ ದಾಖಲೆ ಯಾರು ನೋಡಬಹುದು ಅಂತ ಹೇಳುವ 1974ರ ‘ಫರ್ಪಾ’ ಕಾನೂನಿನಲ್ಲಿ ಕಾಲೇಜು ಸೇರಿದ ಮೇಲೆ ಆ ಹಕ್ಕು ವಿದ್ಯಾರ್ಥಿಯದ್ದು. ಮಕ್ಕಳನ್ನೇ ಕೇಳಿ. ಕೇಳುವಾಗ ‘ಎಷ್ಟು ಬಂತು’ ಅಂತ ಶುರು ಮಾಡದೆ ‘ಯಾವುದರ ಬಗ್ಗೆ ಬರೆದೆ’ ಅಂತ ಕೇಳಿದರೆ ಅವರು ಜಾಸ್ತಿ ಹೊತ್ತು ಮಾತಾಡುತ್ತಾರೆ.

ಡಿಸೆಂಬರಿನಲ್ಲಿ ಪೋರ್ಟ್‌ಫೋಲಿಯೊ ಕೊಡಬೇಕಾಗಬಹುದು. ಸೆಮಿಸ್ಟರಿನ ಪೇಪರುಗಳು, ಜೊತೆಗೆ ನೀವು ಏನು ಬದಲಿಸಿದಿರಿ, ಯಾಕೆ ಬದಲಿಸಿದಿರಿ ಅನ್ನುವ ಒಂದು ಪತ್ರ. ಆ ಪತ್ರದಲ್ಲಿ ‘ಬಹಳ ಕಲಿತೆ’ ಅಂತ ಬರೆಯಬೇಡಿ. ಮೊದಲ ಡ್ರಾಫ್ಟಿನ ಒಂದು ಸಾಲು, ಕೊನೆಯ ಡ್ರಾಫ್ಟಿನ ಅದೇ ಸಾಲು, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಅಪ್‌ಲೋಡ್ ಮಾಡಿದ ಮೇಲೆ ಆ ಫೈಲನ್ನು ಅಲ್ಲೇ ಒಮ್ಮೆ ತೆರೆದು ನೋಡಿ. ಸರಿಯಾದ ಫೈಲೇ ಹೋಗಿದೆ ಅಂತ ಕಂಡ ಮೇಲೆ, ಸಲ್ಲಿಕೆಯಾಯಿತು ಅನ್ನುವ ಮೇಲ್ ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ.